ಕೈ ಹೇಗೆ ನಡೆಯುತ್ತಿದೆ?

ಎಸ್ತೋನಿಯಾ ದೇಶದ ತಾರ್ತು ನಗರದಲ್ಲಿ ಒಂದು ಹಳೆಯ ಮರದ ಮನೆ. ಆಗಸ್ಟ್ ತಿಂಗಳ ಕೊನೆಯ ಒಂದು ಮಧ್ಯಾಹ್ನ, ಮೇಲಂತಸ್ತಿನ ಕೋಣೆಗೆ ಬಾಡಿಗೆಗೆ ಬಂದ ಹುಡುಗಿಯೊಬ್ಬಳು ಪೆಟ್ಟಿಗೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದಾಗ, ಕೆಳಮನೆಯ ವೃದ್ಧೆಯೊಬ್ಬರು ಬಾಗಿಲಲ್ಲಿ ನಿಂತು "ಕುಯ್ದಸ್ ಕ್ಯಾಸಿ ಕ್ಯಾಯ್ಬ್?" ಎಂದು ಕೇಳಿದರು. ಹೊರಡುವ ಮುನ್ನ ಪುಸ್ತಕವೊಂದರಿಂದ ಒಂದಿಷ್ಟು ಪದಗಳನ್ನು ಉರುಹೊಡೆದುಕೊಂಡು ಬಂದಿದ್ದ ಹುಡುಗಿಗೆ ಮೂರೂ ಪದಗಳು ಗೊತ್ತಿದ್ದವು. ಕುಯ್ದಸ್ ಎಂದರೆ ಹೇಗೆ, ಕ್ಯಾಸಿ ಎಂದರೆ ಕೈ, ಕ್ಯಾಯ್ಬ್ ಎಂದರೆ ನಡೆಯುತ್ತದೆ. ಪೆಟ್ಟಿಗೆಯ ಭಾರಕ್ಕೆ ಕೈಗೆ ಪೆಟ್ಟಾಗಿದೆಯೇ ಎಂದು ಕೇಳುತ್ತಿದ್ದಾರೆಂದು ತಿಳಿದ ಆಕೆ ಪೆಟ್ಟಿಗೆಯನ್ನು ಕೆಳಗಿಟ್ಟು ಎರಡೂ ಅಂಗೈಗಳನ್ನು ಚಾಚಿ ತೋರಿಸಿದಳು. ವೃದ್ಧೆ ಆ ಅಂಗೈಗಳನ್ನು ಗಂಭೀರವಾಗಿ ನೋಡಿ, ತಲೆದೂಗಿ, ಬಾಗಿಲು ಮುಚ್ಚಿಕೊಂಡರು.

'ಹೇಗಿದ್ದೀರಿ' ಎಂಬುದಕ್ಕೆ ಆ ಜನ ಬಳಸುವ ಮಾತು ಅದು. ಕೈ ನಡೆಯುತ್ತಿದ್ದರೆ ಬಾಳು ನಡೆಯುತ್ತಿದೆ ಎಂದು ಅರ್ಥ. ಕೈಕಾಲು ಆಡುವ ತನಕ ದುಡಿಯಬೇಕು, ಕೈಕಾಲು ಆಡುವಾಗಲೇ ಹೋಗಿಬಿಡಬೇಕು ಎನ್ನುವ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಅಂದು ಆ ಹುಡುಗಿಗೆ ಅದು ಹೊಳೆಯಲಿಲ್ಲ.

ಹುಡುಗಿ ಅಕ್ಕಲಕೋಟೆ ತಾಲೂಕಿನ ಹಳ್ಳಿಯವಳು. ಏಳನೆಯ ಇಯತ್ತೆಯವರೆಗೆ ಕನ್ನಡ ಶಾಲೆ, ಮುಂದೆ ಮರಾಠಿ ಮಾಧ್ಯಮದ ಪ್ರೌಢಶಾಲೆ, ಪದವಿಗೆ ಇಂಗ್ಲಿಷು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಅಂಗಡಿಕಾರನ ಮುಖ ನೋಡಿ ಭಾಷೆ ಬದಲಾಯಿಸುವ ವಿದ್ಯೆಯನ್ನು ಈ ಸೀಮೆಯ ಮಕ್ಕಳಿಗೆ ಯಾರೂ ಕಲಿಸುವುದಿಲ್ಲ. ಅದು ತಾನಾಗಿ ಬರುತ್ತದೆ. ಸ್ನಾತಕೋತ್ತರ ಅಧ್ಯಯನಕ್ಕಾಗಿ ತಾರ್ತುವಿಗೆ ಹೋದಾಗ, ಇನ್ನೊಂದು ಭಾಷೆ ಕಲಿಯುವುದೆಂದರೆ ಎಷ್ಟರ ಮಾತು ಎಂಬ ಧೈರ್ಯ ಆಕೆಗಿತ್ತು. ಪಾಠಗಳೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿದ್ದುದರಿಂದ ಎಸ್ತೋನಿಯನ್ ಕಲಿಯುವ ಅಗತ್ಯವೇ ಇರಲಿಲ್ಲ. ಜೊತೆಯ ಎಷ್ಟೋ ವಿದೇಶೀ ವಿದ್ಯಾರ್ಥಿಗಳು ಎರಡು ವರ್ಷವಿದ್ದೂ ನಮಸ್ಕಾರ, ಧನ್ಯವಾದಗಳಾಚೆ ಹೋಗುತ್ತಿರಲಿಲ್ಲ. ಆಕೆ ಸಂಜೆಯ ಭಾಷಾವರ್ಗಕ್ಕೆ ಸೇರಿದ್ದು ಆ ಮೆಟ್ಟಿಲಿನ ಅವಮಾನದಿಂದ.

ಎಸ್ತೋನಿಯಾ ಪುಟ್ಟ ದೇಶ. ಜನಸಂಖ್ಯೆ ಸುಮಾರು 13 ಲಕ್ಷ. 2011ರ ಜನಗಣತಿಯಲ್ಲಿ ಸೊಲ್ಲಾಪುರ ಜಿಲ್ಲೆಯೊಂದರ ಜನಸಂಖ್ಯೆಯೇ 43 ಲಕ್ಷವಿತ್ತೆಂಬುದನ್ನು ನೆನೆದರೆ ಆ ನುಡಿಯ ಅಳತೆ ತಿಳಿದೀತು. ತಾರ್ತು ವಿಶ್ವವಿದ್ಯಾಲಯ 1632ರಲ್ಲಿ ಸ್ಥಾಪನೆಯಾದರೂ ಅಲ್ಲಿ ದೇಶದ ಜನರ ಭಾಷೆ ಬೋಧನೆಯ ಭಾಷೆಯಾದದ್ದು 1919ರಲ್ಲಿ. ಊರಿನ ನಡುವೆ ಹರಿಯುವ ಹೊಳೆಯ ಹೆಸರು ಎಮಯೋಗಿ. ಎಮ ಎಂದರೆ ತಾಯಿ, ಯೋಗಿ ಎಂದರೆ ಹೊಳೆ. ಭೀಮೆಯನ್ನು ಕಂಡು ಬೆಳೆದವಳಿಗೆ ಆ ಹೆಸರಿನಲ್ಲಿ ಬೆರಗೇನೂ ಕಾಣಲಿಲ್ಲ.

ಭಾಷಾಶಾಸ್ತ್ರದ ಪತ್ರಿಕೆ ಓದುವ ವಿದ್ಯಾರ್ಥಿಗಳು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಎಸ್ತೋನಿಯನ್ ಫಿನ್ನಿಶ್ ಭಾಷೆಯ ಬಳಗಕ್ಕೆ ಸೇರಿದ್ದು. ಜರ್ಮನ್, ರಷ್ಯನ್‌ಗಳ ನಡುವೆ ಬಾಳಿದರೂ ಅವುಗಳ ಕುಲಕ್ಕೆ ಸೇರಿದ್ದಲ್ಲ. 1856ರಲ್ಲಿ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದ ಕಾಲ್ಡ್‌ವೆಲ್ಲರು ನಮ್ಮ ನುಡಿಗಳಿಗೂ ಫಿನ್ನಿಶ್ ಮೊದಲಾದವುಗಳಿಗೂ ನಂಟಿದೆ ಎಂದು ಭಾವಿಸಿದ್ದರು. ಆ ವಾದ ಮುಂದೆ ನಿಲ್ಲಲಿಲ್ಲ. ಆದರೆ ಅವರಿಗೆ ಹಾಗೇಕೆ ತೋರಿತೆಂಬುದು ಆ ಭಾಷಾವರ್ಗದ ಮೂರನೆಯ ವಾರದಲ್ಲೇ ಹುಡುಗಿಗೆ ಅರಿವಾಯಿತು. ಹದಿನಾಲ್ಕು ವಿಭಕ್ತಿಗಳೆಂದು ಕೇಳಿ ಉಳಿದವರು ಹೌಹಾರಿದಾಗ, ಏಳು ವಿಭಕ್ತಿಗಳನ್ನು ಬಾಯಿಪಾಠ ಮಾಡಿದ್ದವಳು ನಿಶ್ಚಿಂತಳಾಗಿ ಕುಳಿತಿದ್ದಳು. ಪ್ರಕೃತಿಗೆ ಪ್ರತ್ಯಯ ಹತ್ತುವುದು ಆಕೆಗೆ ಹೊಸದಲ್ಲ. 'ನನಗೆ ಸಂತೋಷವಾಗಿದೆ' ಎನ್ನಲು ಅವರು 'ಮುಲ್ ಓನ್ ಹೆಯಾ ಮೇಲ್' ಎನ್ನುತ್ತಾರೆ: ನನ್ನಲ್ಲಿ ಒಳ್ಳೆಯ ಮನಸ್ಸಿದೆ. ಸಂತೋಷ ನನಗೆ ಆಗುವಂಥದು, ನನ್ನಲ್ಲಿ ಇರುವಂಥದು, ನಾನೇ ಸಂತೋಷವಲ್ಲ. ಕನ್ನಡಕ್ಕೂ ಮರಾಠಿಗೂ ಸಹಜವಾದ ಈ ನಡೆಯನ್ನು ಇಂಗ್ಲಿಷ್ ಮಾತನಾಡುವ ಸಹಪಾಠಿಗಳಿಗೆ ಒಗ್ಗಿಸಲು ಶಿಕ್ಷಕಿ ಎರಡು ತಾಸು ವ್ಯಯಿಸಿದರು.

ವ್ಯಾಕರಣ ಹೀಗೆ ಸಲೀಸಾಗಿ ಒಲಿಯಿತು. ತೊಡಕಾದದ್ದು ಬೇರೆ ಕಡೆ.

ಸೆಪ್ಟೆಂಬರ್ ಬಂತೆಂದರೆ ತಾರ್ತುವಿನ ಮರದ ಮನೆಗಳ ಅಂಗಳದಲ್ಲಿ ಸೌದೆ ಬಂದು ಬೀಳುತ್ತದೆ. ಚಳಿಗಾಲಕ್ಕೆ ಒಲೆಗೆ ಬೇಕಾಗುವ ಸೌದೆಯನ್ನು ಒಡೆದು, ಒಪ್ಪವಾಗಿ ಒಟ್ಟಬೇಕು. ಕೆಳಮನೆಯ ವೃದ್ಧೆ ಎಪ್ಪತ್ತು ದಾಟಿದವರು. ತಾವೇ ಸೌದೆ ಒಟ್ಟುತ್ತಿದ್ದರು. ಹಾದುಹೋಗುವ ಅಂಚೆಯವನು, ನೆರೆಯವರು, ಗುರುತಿಲ್ಲದವರು ಕೂಡ ಬೇಲಿಯಾಚೆಯಿಂದ "ಯೋಉದು!" ಎಂದು ಕೂಗಿ ಮುಂದೆ ನಡೆಯುತ್ತಿದ್ದರು. ಆ ಮಾತಿನ ನಡುವಿನ ಸ್ವರಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ. ಓ ಎನ್ನಲು ಹೊರಟು ತುಟಿಯನ್ನು ದುಂಡಗೆ ಮಾಡದೆ ನಿಂತರೆ ಬರುವ ದನಿ ಅದು. ಅರ್ಥ: ಶಕ್ತಿ. ನಿನ್ನ ಕೆಲಸಕ್ಕೆ ಬಲ ಬರಲಿ. ವೃದ್ಧೆ ತಲೆಯೆತ್ತದೆಯೇ "ಯೋಉದು ತಾರ್ವಿಸ್" ಎನ್ನುತ್ತಿದ್ದರು. ಬಲ ಬೇಕಾಗಿದೆ ಎಂದು ಉತ್ತರ. ಧನ್ಯವಾದವಲ್ಲ, ಉಪಚಾರದ ನಿರಾಕರಣೆಯೂ ಅಲ್ಲ. ಹೌದು, ಬೇಕು ಎಂಬ ಒಪ್ಪಿಗೆ. ಈ ಉತ್ತರದ ಚೆಲುವಿಗೆ ಎಷ್ಟು ಮೆಚ್ಚಿದರೂ ಸಾಲದು.

ಊಟದ ವಿಷಯದಲ್ಲೂ ಇಂಥದೇ ಒಂದು ಜೋಡಿಮಾತು ಇದೆ. ಉಣ್ಣುತ್ತಿರುವವರ ಬಳಿಗೆ ಬಂದವರು "ಯ್ಯಾತ್ಕು ಲೇಯ್ಬ" ಎನ್ನಬೇಕು: ರೊಟ್ಟಿ ಸಾಲುತ್ತಿರಲಿ, ಮುಗಿಯದಿರಲಿ. ಉಣ್ಣುವವರು "ಯ್ಯಾತ್ಕು ತಾರ್ವಿಸ್" ಎನ್ನಬೇಕು: ಸಾಲುವುದು ಬೇಕಾಗಿದೆ. ಲೇಯ್ಬ್ ಎಂದರೆ ರೈ ಧಾನ್ಯದ ಕಪ್ಪು ರೊಟ್ಟಿ. ಬೆಳೆ ಕೈಕೊಟ್ಟ ವರ್ಷಗಳನ್ನು ಕಂಡ ರೈತಾಪಿ ಜನ ಮಾತ್ರ ಇಂಥ ಮಾತನ್ನು ಕಟ್ಟಬಲ್ಲರು. ನಮ್ಮ ಕಡೆ ವ್ಯವಹಾರ ತಿರುವುಮುರುವು. ಇಲ್ಲಿ ಬಂದವರು ಬಾಯಿ ತೆರೆಯುವ ಮೊದಲೇ ಉಣ್ಣುವವರು "ಬರ್ರಿ, ಊಟಾ ಮಾಡೂನು" ಎಂದು ಕರೆಯಬೇಕು; ಬಂದವರು "ಈಗರೇ ಆತ್ರಿ, ನೀವು ಮಾಡ್ರಿ" ಎನ್ನಬೇಕು, ಆಗಿರದಿದ್ದರೂ. ಅಲ್ಲಿ ಹಾರೈಕೆ ಬಂದವರ ಹೊಣೆ, ಇಲ್ಲಿ ಕರೆಯುವುದು ಉಣ್ಣುವವರ ಹೊಣೆ. ವಿಶ್ವವಿದ್ಯಾಲಯದ ಊಟದ ಕೋಣೆಯಲ್ಲಿ ಆ ಹುಡುಗಿ ತಿಂಗಳುಗಟ್ಟಲೆ ತನ್ನ ತಟ್ಟೆಯತ್ತ ಕೈ ತೋರಿಸಿ ಬಂದಬಂದವರನ್ನೆಲ್ಲ ಕರೆಯುತ್ತಿದ್ದಳು. ಒಬ್ಬ ಸಹಪಾಠಿ ನಿಜವಾಗಿಯೂ ಅವಳ ತಟ್ಟೆಯ ಆಲೂಗಡ್ಡೆಯನ್ನು ಎತ್ತಿಕೊಂಡನಂತೆ.

ಪರೀಕ್ಷೆಯ ಬೆಳಿಗ್ಗೆ ಅದೇ ಸಹಪಾಠಿ "ಕಿವಿ ಕೊತ್ತಿ!" ಎಂದ. ಚೀಲಕ್ಕೆ ಕಲ್ಲು ಬೀಳಲಿ ಎಂದು ಇದರ ಅರ್ಥ. ಹುಡುಗಿಗೆ ಮುಖ ಕಪ್ಪಿಟ್ಟಿತು. ಆಮೇಲೆ ತಿಳಿದದ್ದು, ಅದು ಶುಭ ಹಾರೈಕೆ. ಮೀನಿಗೆ ಹೊರಟವರಿಗೆ, ಬೇಟೆಗೆ ಹೊರಟವರಿಗೆ, ಈಗ ಪರೀಕ್ಷೆಗೆ ಹೊರಟವರಿಗೆ ಹೀಗೆಯೇ ಹೇಳುವುದು. ಒಳ್ಳೆಯದನ್ನು ಬಾಯಿಬಿಟ್ಟು ಹಾರೈಸಿದರೆ ಕೆಟ್ಟೀತೆಂಬ ಭಯ. ಹೊಸ ಕಾರು ಕೊಂಡವರಿಗೆ, ದೂರದ ದಾರಿ ಹಿಡಿದವರಿಗೆ 'ಟಯರಿಗೆ ಮೊಳೆ' ಎನ್ನುತ್ತಾರಂತೆ. ಕೇಳಿದವರಿಗೆ ವಿಚಿತ್ರವೆನಿಸೀತು, ಆದರೆ ಕೂಸಿನ ಕೆನ್ನೆಗೆ ಕಾಡಿಗೆಯ ಬೊಟ್ಟಿಡುವ, ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಉಳಿದ ಕೂಸಿಗೆ ತಿಪ್ಪಣ್ಣ, ದಗಡು, ಧೋಂಡಿಬಾ ಎಂದು ಹೆಸರಿಡುವ ಸೀಮೆಯವರಿಗೆ ಇದರಲ್ಲಿ ವಿಚಿತ್ರವೇನು? ಅವರು ಕಲ್ಲನ್ನು ಚೀಲಕ್ಕೆ ಹಾಕಿದರು, ನಾವು ಹೆಸರಿಗೆ ಹಾಕಿದೆವು.

ಎಲ್ಲವೂ ಹೀಗೆ ಹೊಂದುವುದಿಲ್ಲವೆಂಬುದನ್ನೂ ಹೇಳಬೇಕು. ಯಾರ ಬಗ್ಗೆ ಮಾತಾಡುತ್ತಿದ್ದೇವೋ ಅವರೇ ಬಂದುಬಿಟ್ಟರೆ ನಾವು ಕನ್ನಡದಲ್ಲೂ ಮರಾಠಿಯಲ್ಲೂ ನೂರು ವರ್ಷ ಆಯುಷ್ಯ ಎನ್ನುತ್ತೇವೆ. ಅಲ್ಲಿ, ತೋಳದ ಮಾತೆತ್ತಿದರೆ ತೋಳ ಬೇಲಿಯ ಹಿಂದೆಯೇ ಎನ್ನುತ್ತಾರೆ. ನಮಗೆ ಹೆದರಿಕೆಯಾದರೆ ಜೀವ ಬಾಯಿಗೆ ಬರುತ್ತದೆ. ಅವರಿಗೆ ಹೃದಯ ಬೂಟಿನೊಳಕ್ಕೆ ಇಳಿಯುತ್ತದೆ. ಸಿಟ್ಟು ಬಂದರೆ ನಮ್ಮ ಪಿತ್ತ ನೆತ್ತಿಗೇರುತ್ತದೆ, ಅವರ ಪುಪ್ಪುಸ ಯಕೃತ್ತಿನ ಮೇಲೆ ಹತ್ತುತ್ತದೆ. ಸೂಚ್ಯವಾಗಿ ಹೇಳುವುದಕ್ಕೆ 'ಹೂವುಗಳ ಮೂಲಕ' ಹೇಳುವುದು ಎಂದೂ, ಒಡೆದು ಹೇಳುವುದಕ್ಕೆ 'ಮರದಲ್ಲಿ ಮಾಡಿ ಕೆಂಪು ಬಳಿದು' ತೋರಿಸುವುದು ಎಂದೂ ಹೆಸರು. ಇವುಗಳಲ್ಲಿ ಹೂವಿನ ಮಾತು ಜರ್ಮನ್ನಿನಲ್ಲೂ ಇದೆ. ಶತಮಾನಗಳ ಕಾಲ ಜರ್ಮನ್ ಜಮೀನುದಾರರ ಕೈಕೆಳಗಿದ್ದ ಜನ ಅವರ ನುಡಿಗಟ್ಟನ್ನು ತಮ್ಮ ಪದಗಳಲ್ಲಿ ಎರಕ ಹೊಯ್ದುಕೊಂಡರು. ಗಡಿಯ ಜನರಿಗೆ ಇದು ಅಪರಿಚಿತವಲ್ಲ. ಮನೆಯಿಂದ ಹೊರಡುವ ಮರಾಠಿಗ 'ಯೇತೋ' ಎನ್ನುತ್ತಾನೆ, ಕನ್ನಡಿಗ 'ಬರ್ತೀನಿ' ಎನ್ನುತ್ತಾನೆ. ಹೋಗುವವರಿಬ್ಬರೂ ಬರುವ ಮಾತನ್ನೇ ಆಡುತ್ತಾರೆ. ಯಾರು ಯಾರಿಂದ ಕಲಿತರೆಂದು ಕೇಳಿ ಪ್ರಯೋಜನವಿಲ್ಲ.

ಈ ಮಾತುಗಳನ್ನೆಲ್ಲ ಆ ಜನ ಕಾಪಿಟ್ಟುಕೊಂಡ ಬಗೆ ಕನ್ನಡ ವಿದ್ಯಾರ್ಥಿಗಳಿಗೆ ತಿಳಿದಿರಬೇಕು. ನಮ್ಮ ಕಿಟೆಲ್ಲರ ನಿಘಂಟು 1894ರಲ್ಲಿ ಹೊರಬಂದಂತೆ, ಅಲ್ಲಿ ವೀಡೆಮಾನ್ ಎಂಬ ವಿದ್ವಾಂಸರ ಎಸ್ತೋನಿಯನ್–ಜರ್ಮನ್ ನಿಘಂಟು 1869ರಲ್ಲಿ ಬಂದಿತು. 1888ರಲ್ಲಿ ಯಾಕೊಬ್ ಹುರ್ತ್ ಎಂಬ ಪಾದ್ರಿ, ಹಳ್ಳಿಯ ಮಾತು ಹಾಡುಗಳನ್ನು ಬರೆದು ಕಳುಹಿಸಿರೆಂದು ಜನರನ್ನು ಬೇಡಿಕೊಂಡರು. ಸುಮಾರು 1400 ಮಂದಿ ಬರೆದು ಕಳುಹಿಸಿದರು. ಕೂಡಿಬಿದ್ದ ಪುಟಗಳು ಒಂದು ಲಕ್ಷವನ್ನು ಮೀರಿದವು. ಅದು ಇಂದಿಗೂ ತಾರ್ತುವಿನ ಸಾಹಿತ್ಯ ಸಂಗ್ರಹಾಲಯದಲ್ಲಿದೆ. ಮುಂದೆ ಗಾದೆಗಳ ಅಧ್ಯಯನಕ್ಕೆ ಆರ್ವೋ ಕ್ರಿಕ್ಮಾನ್ ಅವರು ಬಾಳನ್ನೇ ಕೊಟ್ಟರು. 1993ರಲ್ಲಿ ಆಸ್ತಾ ಓಇಮ್ ಅವರ ನುಡಿಗಟ್ಟುಗಳ ನಿಘಂಟು ಪ್ರಕಟವಾಯಿತು. ಹುಡುಗಿ ಗ್ರಂಥಾಲಯದಲ್ಲಿ ಆ ನಿಘಂಟನ್ನು ಮುಂದಿಟ್ಟುಕೊಂಡು ಎಷ್ಟೋ ಸಂಜೆ ಕುಳಿತಿದ್ದಳು. ಆದರೆ ನಿಘಂಟು ಮಾತಿನ ಅರ್ಥ ಹೇಳೀತು. ಎಲ್ಲಿ ಆಡಬಾರದೆಂಬುದನ್ನು ಯಾವ ನಿಘಂಟು ಪೂರ್ತಿಯಾಗಿ ಹೇಳೀತು? ಸಾವಿನ ಮನೆಗೆ ಮಾತಾಡಿಸಲು ಹೋದವರು ಹೊರಡುವಾಗ 'ಬರ್ತೀನಿ' ಎನ್ನಬಾರದೆಂದು ಕನ್ನಡದ ಯಾವ ವ್ಯಾಕರಣದಲ್ಲಿ ಬರೆದಿದೆ?

ಆಕೆ ಎಡವಿದ್ದು ಅಲ್ಲಿಯೇ.

ತಾರ್ತುವಿನಲ್ಲಿ ದಿನಕ್ಕೆ ಹತ್ತು ಬಾರಿ ಕಿವಿಗೆ ಬೀಳುವ ಮಾತೊಂದಿದೆ: "ಪೋಲೆ ಹುಲ್ಲು." ಬಸ್ಸು ತಪ್ಪಿದರೆ ಪೋಲೆ ಹುಲ್ಲು. ಚಹಾ ಚೆಲ್ಲಿದರೆ ಪೋಲೆ ಹುಲ್ಲು. ತಡವಾಗಿ ಬಂದವರು ಕ್ಷಮೆ ಕೇಳಿದರೆ ಪೋಲೆ ಹುಲ್ಲು. ಪದಶಃ 'ಹುಚ್ಚೇನೂ ಇಲ್ಲ' ಎಂದಾಗುತ್ತದೆ. ಅಡ್ಡಿಯಿಲ್ಲ, ಅಂಥದ್ದೇನೂ ಆಗಿಲ್ಲ ಎಂದು ಭಾವ. ಕನ್ನಡದ ಹುಲ್ಲು ಅದರಲ್ಲಿ ಕುಳಿತಿದ್ದರಿಂದ ಆಕೆ ಅದನ್ನು ಒಂದೇ ಸಲಕ್ಕೆ ಕಲಿತಳು. ಕಷ್ಟಪಟ್ಟು ಕಲಿತ ಮಾತು ಬೇಕಾದಾಗ ಕೈಗೆ ಸಿಗದು. ಸುಲಭವಾಗಿ ಬಂದದ್ದು ಕರೆಯದಿದ್ದರೂ ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ.

ಅಕ್ಟೋಬರ್ ನಡುವಿನಲ್ಲಿ ಕೆಳಮನೆಯ ವೃದ್ಧೆಯ ತಮ್ಮ ತೀರಿಕೊಂಡ. ಸುದ್ದಿ ತಿಳಿದ ಹುಡುಗಿ, ಕೈ ಬೀಸಿಕೊಂಡು ಹೋಗಬಾರದೆಂದು ಅಂಗಡಿಯಿಂದ ಹೂವು ತಂದಳು. ಮುಯ್ಯಿ ಮಾಡುವಾಗ ಐವತ್ತೊಂದು, ನೂರಾ ಒಂದು ಎಂದು ಬೆಸ ಸಂಖ್ಯೆಯನ್ನೇ ಎಣಿಸಿ ಬೆಳೆದವಳು. ಐದು ಹೂವು ಆರಿಸಿದಳು. ಅಲ್ಲಿಯೂ ಬೆಸ ಸಂಖ್ಯೆ ಶುಭಕ್ಕೇ ಮೀಸಲು. ಸಾವಿಗೆ ಸಮ ಸಂಖ್ಯೆಯ ಹೂವು. ಎರಡೂ ಕಡೆ ಪದ್ಧತಿ ಒಂದೇ ಇದ್ದದ್ದೇ ಆಕೆಗೆ ಮುಳುವಾಯಿತು. ಬಾಗಿಲು ತೆರೆದ ವೃದ್ಧೆಯ ಕೆಂಪಾದ ಕಣ್ಣುಗಳನ್ನು ಕಂಡು ಹುಡುಗಿಗೆ ಗಂಟಲು ಕಟ್ಟಿತು. 'ಇರ್ಲಿ, ಸಮಾಧಾನ ಮಾಡ್ಕೋರಿ' ಎನ್ನಬೇಕಿತ್ತು. ಆ ಮಾತನ್ನು ಹುಡುಕಿದ ನಾಲಿಗೆ ಹತ್ತಿರದಲ್ಲಿದ್ದುದನ್ನು ಎತ್ತಿಕೊಂಡಿತು.

"ಪೋಲೆ ಹುಲ್ಲು," ಎಂದಳು.

ವೃದ್ಧೆ ಹೂವು ಇಸಿದುಕೊಂಡರು. ಏನೂ ಅನ್ನಲಿಲ್ಲ. ಬಾಗಿಲು ಮುಚ್ಚಿತು.

ಮುಂದಿನ ಎರಡು ವಾರ ಮೆಟ್ಟಿಲ ಮೇಲೆ ಮಾತಿಲ್ಲ. ಮುಂಚೆಯೂ ಮಾತು ಹೆಚ್ಚೇನಿರಲಿಲ್ಲ. ಆ ನಾಡಿನ ಜನ ಕಾರಣವಿಲ್ಲದೆ ಬಾಯಿ ತೆರೆಯುವವರಲ್ಲ. ಬಸ್ಸಿನಲ್ಲಿ ತಾಸುಗಟ್ಟಲೆ ಪಕ್ಕದಲ್ಲಿ ಕುಳಿತವರು ಊರು ಯಾವುದು, ಮನೆಯಲ್ಲಿ ಎಷ್ಟು ಮಂದಿ ಎಂದು ಕೇಳುವುದಿಲ್ಲ. ಆದರೆ ಈಗಿನ ಮೌನ ಅದೇ ಹಳೆಯ ಮೌನವೋ, ಬೇರೆಯದೋ? ಸಿಟ್ಟನ್ನು ಸಿಟ್ಟೆಂದು ಗುರುತಿಸಬೇಕಾದರೂ ಆ ನುಡಿಯಲ್ಲಿ ಹುಟ್ಟಿರಬೇಕೇನೋ. ಹುಡುಗಿ ಕೆಳಗಿನ ಬಾಗಿಲು ತೆರೆಯುವ ಸಪ್ಪಳ ಕೇಳಿದರೆ ಮೇಲೆಯೇ ನಿಂತು, ಅದು ಮುಚ್ಚಿದ ಮೇಲೆ ಇಳಿಯುತ್ತಿದ್ದಳು.

ಭಾಷಾವರ್ಗದ ಶಿಕ್ಷಕಿ ವಿಷಯ ಕೇಳಿ ಮೊದಲು ಹೂವುಗಳ ಮೂಲಕವೇ ಹೇಳಿದರು: ಆ ಮಾತು ಸಣ್ಣ ನಷ್ಟಗಳಿಗೆ ಹೆಚ್ಚು ಒಪ್ಪುತ್ತದೆ ಎಂದರು. ಹುಡುಗಿ ಮತ್ತೆ ಕೇಳಿದಾಗ ಮರದಲ್ಲಿ ಮಾಡಿ ಕೆಂಪು ಬಳಿದು ತೋರಿಸಿದರು: ನಿನ್ನ ತಮ್ಮ ಸತ್ತದ್ದು ದೊಡ್ಡ ಸಂಗತಿಯೇನಲ್ಲ ಎಂದು ಹೇಳಿದಂತಾಯಿತು. ಬಳಿಕ ಹಲಗೆಯ ಮೇಲೆ "ಅವಲ್ದನ್ ಕಾಸ್ತುನ್ನೆತ್" ಎಂದು ಬರೆದರು. ಕಾಸಾ ಎಂದರೆ ಜೊತೆಗೆ. ಜೊತೆಗೂಡಿ ಅನುಭವಿಸುವುದನ್ನು ವ್ಯಕ್ತಪಡಿಸುತ್ತೇನೆ ಎಂದು ಅರ್ಥ. ಸಹಾನುಭೂತಿ ಎಂಬ ನಮ್ಮ ಪದದ ಕಟ್ಟಡವೂ ಇಟ್ಟಿಗೆಗೆ ಇಟ್ಟಿಗೆ ಅದೇ. ಅನುಕಂಪ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇನ್ನೊಬ್ಬರು ನಡುಗಿದಾಗ ತಾನೂ ನಡುಗುತ್ತದೆ. ಹುಡುಗಿ ಆ ವಾಕ್ಯವನ್ನು ರಾತ್ರಿಯಿಡೀ ಹೇಳಿಕೊಂಡಳು. ಆದರೆ ಎರಡು ವಾರ ಕಳೆದ ಮೇಲೆ ಅದನ್ನು ಹೇಗೆ ಹೋಗಿ ಹೇಳುವುದು?

ಊರಿಗೆ ಫೋನು ಮಾಡಿದಾಗ ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು. ಅವ್ವ ನಾಲ್ಕನೆಯ ಇಯತ್ತೆ ದಾಟದವಳು. ಎಸ್ತೋನಿಯಾ ಎಲ್ಲಿದೆಯೆಂದು ತಿಳಿಯದವಳು.

"ಮಾತಿಲೆ ಕೆಟ್ಟದ್ದು ಮಾತಿಲೆ ಸುದ್ದ ಆಗೂದಿಲ್ಲವಾ," ಎಂದಳು. "ಸುಮ್ಮ ಹೋಗಿ ಅವರ ಹಂತೇಕ ಒಂದೀಟು ಕುಂತು ಬಾ. ಮುದುಕಿ ಒಬ್ಬಾಕೀನೇ ಅದಾಳಂತಿ. ಉಂಡಾಳೋ ಇಲ್ಲೋ."

ನವೆಂಬರ್ 2 ಅಲ್ಲಿ ಆತ್ಮಗಳ ದಿನ. ಅಂದು ಜನ ತೀರಿಹೋದವರ ಸಮಾಧಿಗಳ ಮೇಲೆ ಮೇಣದ ದೀಪ ಹಚ್ಚುತ್ತಾರೆ, ಮನೆಯ ಕಿಟಕಿಯಲ್ಲಿಯೂ ಇಡುತ್ತಾರೆ. ಸಂಜೆ ಐದಾಗುವ ಮೊದಲೇ ಕತ್ತಲು. ಹುಡುಗಿ ಒಂದು ಮೇಣದ ದೀಪ ಹಿಡಿದು ಕೆಳಗಿಳಿದು ಬಾಗಿಲು ತಟ್ಟಿದಳು. ವೃದ್ಧೆ ಕೋಟು ತೊಟ್ಟು, ಚೀಲ ಹಿಡಿದು ಹೊರಡುವುದರಲ್ಲಿದ್ದರು. ಹುಡುಗಿ ಕಲಿತ ವಾಕ್ಯವನ್ನು ಹೇಳಿದಳು. ವಿಭಕ್ತಿ ಪ್ರತ್ಯಯವೊಂದು ಗಂಟಲಲ್ಲೇ ಉಳಿಯಿತು.

"ಆಯ್ತ್ಯಾಹ್," ಎಂದರು ವೃದ್ಧೆ. ಎಸ್ತೋನಿಯನ್ನಿನ ಧನ್ಯವಾದ ಕನ್ನಡದ ಕಿವಿಗೆ 'ಆಯ್ತಾ' ಎಂದೇ ಕೇಳಿಸುತ್ತದೆ. ಬಳಿಕ, "ತುಲೆ."

ತುಲೆ ಎಂದರೆ ಬಾ. ಅದುವರೆಗೆ ಅವರು ಆಕೆಯನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದರು. ತುಲ್ಗೆ, ಬನ್ನಿ ಎನ್ನುತ್ತಿದ್ದರು. ಅಲ್ಲಿ ನೀವು ಎಂಬುದರಿಂದ ನೀನು ಎಂಬುದಕ್ಕೆ ದಾಟುವುದು ಸಣ್ಣ ಸಂಗತಿಯಲ್ಲ. ಹಿಂದೆ ಅದಕ್ಕೆ ಇಬ್ಬರೂ ಕೂಡಿ ಕುಡಿಯುವ ಶಾಸ್ತ್ರವೇ ಇತ್ತು. ನೀನು, ನೀವು ಎಂಬ ಭೇದವಿರುವ ಎರಡು ನುಡಿಗಳಲ್ಲಿ ಬೆಳೆದ ಹುಡುಗಿ ಆ ಒಂದು ಪ್ರತ್ಯಯದ ಬದಲಾವಣೆಯನ್ನು ತಕ್ಷಣ ಗುರುತಿಸಿದಳು.

ರಾದಿ ಸ್ಮಶಾನದ ಮರಗಳ ಕೆಳಗೆಲ್ಲ ಸಣ್ಣ ಸಣ್ಣ ಬೆಳಕು. ಹೊಸ ಮಣ್ಣಿನ ಮೇಲೆ ಎರಡು ದೀಪಗಳನ್ನಿಟ್ಟು, ಪಕ್ಕದ ಬೆಂಚಿನ ಮೇಲೆ ಇಬ್ಬರೂ ಕುಳಿತರು. ಅರ್ಧ ತಾಸಿನಲ್ಲಿ ಒಂದು ಮಾತೂ ನಡೆಯಲಿಲ್ಲ. ಚಳಿಗೆ ಹುಡುಗಿಯ ಬೆರಳುಗಳು ಮರಗಟ್ಟಿದವು. ವೃದ್ಧೆ ಅದನ್ನು ನೋಡಿ ತಮ್ಮ ಕೈಗವಸಿನಲ್ಲಿ ಒಂದನ್ನು ತೆಗೆದುಕೊಟ್ಟರು. ಒಂದನ್ನೇ.

ಹಿಂದಿರುಗಿ ಬಂದಾಗ ಕೆಳಮನೆಯ ಬಾಗಿಲು ತೆರೆದೇ ಉಳಿಯಿತು. ಆ ಎರಡು ವಾರಗಳ ಮೌನ ಸಿಟ್ಟಾಗಿತ್ತೋ, ಬರಿಯ ದುಃಖವಾಗಿತ್ತೋ ಹುಡುಗಿ ಕೇಳಲಿಲ್ಲ, ವೃದ್ಧೆ ಹೇಳಲೂ ಇಲ್ಲ. ಇಂದಿಗೂ ಆಕೆಗೆ ಅದು ತಿಳಿದಿಲ್ಲ. ಒಲೆಯ ಮೇಲೆ ಬಟಾಣಿಯ ಸಾರು ಬಿಸಿಯಾಗುತ್ತಿತ್ತು. ಹಸಿವಿಲ್ಲವೆಂದು ರೂಢಿಯಂತೆ ಹುಡುಗಿ ಎರಡು ಸಲ ಅಂದಳು. ವೃದ್ಧೆ ಬಟ್ಟಲು ತುಂಬಿ ಮುಂದಿಡುತ್ತ, "ತ್ಯುಹಿ ಕೊತ್ತ್ ಎಯ್ ಸೇಯ್ಸ ಪ್ಯುಸ್ತಿ," ಎಂದರು.

ಖಾಲಿ ಚೀಲ ನೆಟ್ಟಗೆ ನಿಲ್ಲುವುದಿಲ್ಲ. ಅಪ್ಪನ ಕಾಳಿನ ಅಂಗಡಿಯಲ್ಲಿ ಜೋಳದ ಚೀಲಗಳ ನಡುವೆ ಆಡಿ ಬೆಳೆದವಳಿಗೆ ನಿಘಂಟು ಬೇಕಾಗಲಿಲ್ಲ.

"ನಮ್ಮೂರಲ್ಲೂ ನಿಲ್ಲುವುದಿಲ್ಲ," ಎಂದು ಎಸ್ತೋನಿಯನ್ನಿನಲ್ಲೇ ಹೇಳಿ ಚಮಚ ಕೈಗೆತ್ತಿಕೊಂಡಳು.